ಹಲಗೆ ಬೇಕಾದವರು ಮಾತ್ರ

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸುವ ವಿಭಾಗ ಪೂರ್ತಿ ಅವಳ ಕೈಕೆಳಗಿತ್ತು. ಹಾಗಾಗಿ ಎಲ್ಲರೂ ಅವಳನ್ನು ಮೇಸ್ತ್ರಿ ಎನ್ನುತ್ತಿದ್ದರು. ಯಂತ್ರಕ್ಕೆ ಸಿಕ್ಕಿ ಎಡಗೈ ಮಣಿಕಟ್ಟಿನಿಂದ ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ಬೀದಿಯವರು ಹಾಗೆಯೇ ಕರೆಯುತ್ತಿದ್ದರು. ಗಂಡನೂ ಜಗಳದಲ್ಲಿ ಸೋತಾಗಲೆಲ್ಲ "ಆಯ್ತು ಮೇಸ್ತ್ರಿ" ಎಂದು ಸುಮ್ಮನಾಗುತ್ತಿದ್ದ.

ಗಂಡ ಬಡಗಿ. ಮನೆಯ ಹಿಂದಿನ ತಗಡಿನ ಶೆಡ್ಡೇ ಅವನ ಕೆಲಸದ ಜಾಗ. ಅವಳು ಆಸ್ಪತ್ರೆಯಿಂದ ಬಂದ ಮೇಲೆ ಅಡುಗೆಯೂ ಅವನ ಪಾಲಿಗೆ ಬಂದಿತ್ತು. ಅವನು ಹೆಚ್ಚಿದ ಸೌತೆಕಾಯಿ ಬಾಗಿಲ ಸಂದಿಗೆ ಬಡಿಯುವ ಬೆಣೆಯ ಹಾಗಿರುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ನೋಡಲಾರದೆ ಅವಳೇ ಚಾಕು ಕೈಗೆತ್ತಿಕೊಂಡಳು. ಸೌತೆಕಾಯಿ ಉರುಳಿ ನೆಲಕ್ಕೆ ಬಿತ್ತು. ಎತ್ತಿಟ್ಟಳು, ಮತ್ತೆ ಉರುಳಿತು. ಅದನ್ನು ಅಲ್ಲಿಯೇ ಬಿಟ್ಟು ಶೆಡ್ಡಿಗೆ ಹೋದಳು.

"ರೀ, ಒಂದು ಹಲಗೆಗೆ ಕೆಳಗಿಂದ ಎರಡು ಮೊಳೆ ಹೊಡೀರಿ. ಮೊನೆ ಮೇಲೆ ಬರ್ಲಿ."

ಶುರುವಾದದ್ದು ಹಾಗೆ. ಮೊನೆಗೆ ಚುಚ್ಚಿಟ್ಟ ತರಕಾರಿ ಅಲುಗುತ್ತಿರಲಿಲ್ಲ. ಬೆಣ್ಣೆ ಸವರುವಾಗ ಬ್ರೆಡ್ಡು ಓಡಿಹೋಗದಂತೆ ಹಲಗೆಯ ಒಂದು ಮೂಲೆಗೆ ಅಂಚು ಕಟ್ಟಿದ್ದಾಯಿತು. ಆಮೇಲೆ ಚಾಕುವಿನ ಸರದಿ. ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಸಣ್ಣ ಸಾಧನವೊಂದಿತ್ತು. ಅದರ ಅಲಗಿನ ಒಂದು ತುದಿಗೆ ಕೀಲು, ಇನ್ನೊಂದು ತುದಿಯನ್ನು ಹಿಡಿದು ಒತ್ತಿದರೆ ಸಾಕು. ಚಾಕುವನ್ನೂ ಹಾಗೆಯೇ ಹಲಗೆಗೆ ಕೂರಿಸಬೇಕೆಂದಳು. ಗಂಡ ಉಳಿ ಕೆಳಗಿಟ್ಟ.

"ಮತ್ತೆ ಅಂಥದ್ದೇ ಅಲಗಿನ ಸಹವಾಸ ಮಾಡ್ತೀಯಾ?"

"ಕೈ ತಿಂದಿದ್ದು ದೊಡ್ಡ ಯಂತ್ರ. ಅದರ ಕಾವಲು ತಗಡು ಕಿತ್ತುಹೋಗಿದೆ ಅಂತ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು, ಮಾಲೀಕ ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಸಿಟ್ಟಿದ್ರೆ ಅವನ ಮೇಲೆ. ಅಲಗೇನು ಮಾಡ್ತು ಪಾಪ?"

ತಗಡು ಬಗ್ಗಿಸಿ ಮಾಡಿದ ತಾತ್ಕಾಲಿಕ ಕೀಲಿನಲ್ಲೇ ಹಲಗೆ ಒಂದು ರೂಪಕ್ಕೆ ಬಂದಾಗ ಅದನ್ನು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋದಳು. ಅಲ್ಲಿ ಅವಳ ಜೊತೆಗೆ ವ್ಯಾಯಾಮಕ್ಕೆ ಬರುತ್ತಿದ್ದ, ಪಾರ್ಶ್ವವಾಯು ಬಡಿದ ಹೆಂಗಸೊಬ್ಬಳು ಕ್ಯಾರೆಟ್ ಹೆಚ್ಚಿ ನೋಡಿದಳು. ಒಂದು ಮುಗಿಸಿ ಇನ್ನೊಂದು ಕೇಳಿದಳು. ಕೊನೆಗೆ ಹಲಗೆಯನ್ನು ಮಡಿಲಿಗೆ ಎಳೆದುಕೊಂಡು, "ಇದನ್ನ ನಾನು ವಾಪಸ್ ಕೊಡಲ್ಲ, ಏನು ಮಾಡ್ತೀಯೋ ಮಾಡ್ಕೋ" ಎಂದಳು. ಮೇಸ್ತ್ರಿ ಖಾಲಿ ಚೀಲ ಬೀಸಿಕೊಂಡು ಮನೆಗೆ ಬಂದಳು. ಅಂದೇ ನಿರ್ಧಾರವಾಗಿತ್ತು: ಇದನ್ನು ಮಾಡಿ ಮಾರಬೇಕು.

ಆದರೆ ಬಾಳಿಕೆ ಬರುವ ಕೀಲು ಮಾಡಿಕೊಡುವ ಉಕ್ಕಿನ ಕಾರ್ಖಾನೆಯವನು ಹತ್ತಿಪ್ಪತ್ತಕ್ಕೆಲ್ಲ ಅಚ್ಚು ಎರೆಯುವವನಲ್ಲ. ಒಂದೇ ಸಲಕ್ಕೆ ರಾಶಿ ಬೇಕು, ಮುಂಗಡವೂ ಬೇಕು ಎಂದ. ಆಗ ದಾರಿ ತೋರಿಸಿದವಳು ನಾದಿನಿ. ಗಂಡನ ತಂಗಿ, ಫೋಟೊ ಸ್ಟುಡಿಯೋದಲ್ಲಿ ಕೆಲಸ, ಅದೇ ಮನೆಯ ಮಹಡಿಯ ಕೋಣೆಯಲ್ಲಿ ವಾಸ.

"ಕ್ರೌಡ್‌ಫಂಡಿಂಗ್ ಮಾಡೋಣ ಅತ್ತಿಗೆ. ಒಂದು ವೆಬ್‌ಸೈಟಿದೆ. ಅದರಲ್ಲಿ ನಿಮ್ಮ ಹಲಗೆದೊಂದು ವಿಡಿಯೊ ಹಾಕೋದು. ಇಷ್ಟ ಆದವ್ರು ಮುಂಚೇನೇ ದುಡ್ಡು ಕಟ್ತಾರೆ. ಗಡುವಿನೊಳಗೆ ನಾವು ಹೇಳಿದಷ್ಟು ಸೇರಿದ್ರೆ ದುಡ್ಡು ನಮಗೆ, ಆಮೇಲೆ ಅವರಿಗೆ ಹಲಗೆ. ಸೇರಲಿಲ್ಲ ಅಂದ್ರೆ ಎಲ್ಲರ ದುಡ್ಡೂ ಅವರವರಿಗೆ ವಾಪಸ್."

"ಅಂದ್ರೆ ಗಿರಾಕಿ ಮೊದಲು, ಸಾಮಾನು ಆಮೇಲೆ. ನ್ಯಾಯವಾಗೇ ಇದೆ" ಎಂದಳು ಮೇಸ್ತ್ರಿ.

ವೆಬ್‌ಸೈಟಿನವರು ಒಬ್ಬ ಸಲಹೆಗಾರನನ್ನು ಗೊತ್ತುಮಾಡಿದರು. ಫೋನಿನಲ್ಲಿ ಮಾತ್ರ ಸಿಗುತ್ತಿದ್ದ ಮನುಷ್ಯ. ದನಿ ಮೃದು, ಆತುರವಿಲ್ಲದ ಮಾತು.

"ಮೇಡಂ, ವಿಡಿಯೊ ನೋಡಿದೆ. ಹಲಗೆ ಚೆನ್ನಾಗಿದೆ. ಆದ್ರೆ ನೀವು ಎಲ್ಲಿ? ಕಿಟಕಿ ಹತ್ರ ಕೂತ್ಕೊಳ್ಳಿ, ತೋಳು ಮಡಚಿ ಕೈ ಕಾಣೋ ಹಾಗಿರ್ಲಿ. ಆ ದಿನ ಏನಾಯ್ತು ಅಂತ ನಿಧಾನಕ್ಕೆ ಹೇಳಿ. ಅಳು ಬಂದ್ರೆ ತಡ್ಕೋಬೇಡಿ."

"ಬರ್ಲಿಲ್ಲ ಅಂದ್ರೆ?"

"ಬರುತ್ತೆ ಮೇಡಂ. ಎಲ್ಲರಿಗೂ ಬರುತ್ತೆ. ಜನ ಹಲಗೆಗೆ ದುಡ್ಡು ಕೊಡಲ್ಲ, ಮನುಷ್ಯರಿಗೆ ಕೊಡ್ತಾರೆ. ನಾನು ಎಷ್ಟೋ ಒಳ್ಳೊಳ್ಳೆ ಸಾಮಾನು ಮುಳುಗಿದ್ದು ನೋಡಿದ್ದೀನಿ, ಅದಕ್ಕೇ ಹೇಳ್ತಿರೋದು."

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದು ಅವಳಿಗೂ ಗೊತ್ತಾಯಿತು. ಆದರೂ, "ನಾನು ಮಾರ್ತಿರೋದು ಹಲಗೆ. ಕೈ ಮಾರಾಟಕ್ಕಿಲ್ಲ" ಎಂದು ಫೋನಿಟ್ಟಳು.

ಹಲಗೆ, ತರಕಾರಿ, ಒಂದು ಕೈ, ಇಷ್ಟೇ ಇದ್ದ ವಿಡಿಯೊ ಪುಟಕ್ಕೇರಿತು. ಹಣ ಕೊಡುವವರಿಗೆ ಅಲ್ಲಿ ಎರಡು ಆಯ್ಕೆಗಳಿದ್ದವು: 'ಹಲಗೆ ಬೇಕು' ಎಂಬುದೊಂದು, 'ಹಲಗೆ ಬೇಡ, ಸಹಾಯಕ್ಕೆ ಮಾತ್ರ' ಎಂಬುದು ಇನ್ನೊಂದು. ಮೊದಲು ಗುರುತಿನವರು ಕೊಟ್ಟರು. ಆಮೇಲೆ ಅವರ ಗುರುತಿನವರು. ಆಮೇಲೆ ಯಾರೂ ಇಲ್ಲ. ಗಡುವು ಹತ್ತಿರವಾಗುತ್ತಿತ್ತು. ಬಡಗಿ ಆಗಲೇ ತರಿಸಿಟ್ಟಿದ್ದ ಮರದ ಹಲಗೆಗಳು ಶೆಡ್ಡಿನ ಗೋಡೆಗೆ ಒರಗಿ ಧೂಳು ಕುಡಿಯುತ್ತಿದ್ದವು. ನಾದಿನಿ ಊಟದ ಮಧ್ಯೆ ಫೋನು ತೆಗೆದು ನೋಡುವುದು, ಸಪ್ಪೆ ಮೋರೆ ಹಾಕಿ ಒಳಗಿಡುವುದು ನಡೆದೇ ಇತ್ತು.

ಒಂದು ಬೆಳಿಗ್ಗೆ ಮೇಸ್ತ್ರಿ ಬೀದಿ ಕೊನೆಯ ಬೇಕರಿಗೆ ಹೋದಳು. ಬ್ರೆಡ್ಡು ತೆಗೆದುಕೊಂಡು ನೋಟು ಚಾಚಿದರೆ ಬೇಕರಿಯವನು ಮುಟ್ಟಲಿಲ್ಲ.

"ಇರ್ಲಿ ಬಿಡಮ್ಮ."

"ಏನು ಇರ್ಲಿ?"

"ದುಡ್ಡು ಬೇಡ. ಇನ್ಮೇಲೆ ಬ್ರೆಡ್ಡಿಗೆ ದುಡ್ಡು ತರಬೇಡಿ. ನಮಗೂ ಮನುಷ್ಯತ್ವ ಇದೆ."

ನಿನ್ನೆಯವರೆಗೂ ಹಳೆಯ ಬ್ರೆಡ್ಡು ಕೊಟ್ಟನೆಂದು ಅವಳ ಹತ್ತಿರ ಬೈಸಿಕೊಂಡು, ತಿರುಗಿಸಿ ಬೈದವನು ಅವನು. ಅವನ ಕಣ್ಣು ಮೊಟ್ಟಮೊದಲ ಸಲ ಅವಳ ಎಡ ತೋಳಿನ ಮೇಲಿತ್ತು. ಮೇಸ್ತ್ರಿಗೆ ಅನುಮಾನ ಬಂತು.

"ಫೋನಲ್ಲಿ ಏನು ನೋಡಿದ್ರಿ, ತೋರಿಸಿ."

ಅವನು ತೋರಿಸಿದ. ಅದರಲ್ಲಿ ಅವಳಿದ್ದಳು. ಮನೆಯ ಬಚ್ಚಲ ಪಕ್ಕದ ಕಿಟಕಿಯ ಬಳಿ ನಿಂತು, ಅಂಗಿಯ ತೋಳಿನ ಗುಂಡಿಯನ್ನು ಹಲ್ಲಿನಿಂದ ಹಾಕಿಕೊಳ್ಳಲು ನೋಡುತ್ತಿದ್ದಳು. ಗುಂಡಿ ತಪ್ಪಿಸಿಕೊಳ್ಳುತ್ತಿತ್ತು. ಅವಳು ಮತ್ತೆ ಮತ್ತೆ ಬಾಗುತ್ತಿದ್ದಳು. ಹಿಂದೆ ಪಿಟೀಲು ಅಳುತ್ತಿತ್ತು. ಕ್ಯಾಮೆರಾ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವಳು ನೋಟನ್ನು ಗಾಜಿನ ಮೇಲೆ ಬಡಿದಿಟ್ಟಳು. "ಚಿಲ್ಲರೆ ಕೊಡಿ" ಎಂದಳು. ಅವನು ಕೊಟ್ಟ ಮೇಲೆ ಎಣಿಸಿಕೊಂಡೇ ಹೊರಟಳು.

ಮನೆಯಲ್ಲಿ ನಾದಿನಿ ಸ್ಟುಡಿಯೋಗೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಅತ್ತಿಗೆಯ ಮುಖ ನೋಡಿಯೇ ಒಂದು ಚಪ್ಪಲಿಯಲ್ಲಿ ನಿಂತುಬಿಟ್ಟಳು.

"ಅತ್ತಿಗೆ, ಸಂಜೆ ಹೇಳೋಣ ಅಂತಿದ್ದೆ. ನೋಡಿ ಎಷ್ಟು ಬಂದಿದೆ! ಇನ್ನು ಎರಡು ದಿನ ತಡ್ಕೊಂಡ್ರೆ ಗುರಿ ದಾಟುತ್ತೆ."

ಮೇಸ್ತ್ರಿ ಫೋನು ಕಿತ್ತುಕೊಂಡು ವಿಡಿಯೊದ ಕೆಳಗೆ ಜನ ಬರೆದಿದ್ದನ್ನು ಓದಿದಳು. ಪಾಪ. ಅಯ್ಯೋ ಪಾಪ. ನೋಡಿ ಕರುಳು ಚುರ್ ಎಂದಿತು. ನಮ್ಮ ಕಷ್ಟ ಇದರ ಮುಂದೆ ಏನೂ ಅಲ್ಲ. ಹೀಗೆಯೇ ಉದ್ದಕ್ಕೂ. ಹಣ ಕೊಟ್ಟವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒತ್ತಿದ್ದು 'ಹಲಗೆ ಬೇಡ' ಎಂಬುದನ್ನೇ.

ಗುಂಡಿಗಿಂತ, ಪಿಟೀಲಿಗಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಅದು.

"ನನ್ನ ಹಲಗೆ ಯಾರಿಗೂ ಬೇಡ್ವಂತೆ" ಎಂದಳು. "ದುಡ್ಡು ಎಸೆದು ದೂರ ಹೋಗ್ತಿದ್ದಾರೆ."

ಶೆಡ್ಡಿನಿಂದ ಗಂಡ ಬಂದ. ತಂಗಿ ಅಳುತ್ತಿದ್ದಳು, ಹೆಂಡತಿ ಅಳುತ್ತಿರಲಿಲ್ಲ. ಯಾರ ಕಡೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತ.

"ಕೇಳದೆ ಮಾಡಿದ್ದು ತಪ್ಪೇ" ಎಂದ. "ಆದ್ರೆ ಬಂದಿರೋದು ಬಂದಿದೆ. ಕೀಲು ಮಾಡಿಸೋಣ, ವ್ಯಾಪಾರ ನಿಲ್ಲಿಸೋಣ. ಆಮೇಲೆ ತಲೆ ಎತ್ಕೊಂಡು ಓಡಾಡೋದು ಇದ್ದೇ ಇದೆ."

"ಆಮೇಲೆ ಅಂದ್ರೆ ಯಾವಾಗ? ಬೇಕರಿಯವನು ಇವತ್ತಿಂದಲೇ ನನ್ನ ಹತ್ರ ದುಡ್ಡು ತಗೊಳ್ಳಲ್ವಂತೆ. ನಾಳೆಯಿಂದ ಅವನಿಗೆ ನಾನು ಬಯ್ಯೋದು ಹೇಗೆ?"

ನಾದಿನಿ ಬಿಕ್ಕುತ್ತಲೇ, "ನಿಮಗೋಸ್ಕರ ಮಾಡಿದೆ ಅತ್ತಿಗೆ. ನೀವು ದಿನಾ ಆ ಧೂಳು ಹಿಡಿದ ಹಲಗೆಗಳನ್ನ ಒರೆಸ್ತಿದ್ದಿದ್ದು ನೋಡೋಕಾಗ್ಲಿಲ್ಲ" ಎಂದಳು.

ಮೇಸ್ತ್ರಿಯ ದನಿ ಸ್ವಲ್ಪ ಇಳಿಯಿತು. ಆದರೆ ಮನಸ್ಸು ಇಳಿಯಲಿಲ್ಲ. ಸಲಹೆಗಾರನಿಗೆ ಫೋನು ಹಚ್ಚಿಸಿದಳು.

"ಆ ವಿಡಿಯೊ ತೆಗೀರಿ. ಅದನ್ನ ನೋಡಿ ಕೊಟ್ಟವರ ದುಡ್ಡು ವಾಪಸ್ ಮಾಡಿ. ಸಹಾಯಕ್ಕೆ ಮಾತ್ರ ಅನ್ನೋದನ್ನೂ ಕಿತ್ತುಹಾಕಿ."

"ಮೇಡಂ, ಕೊಟ್ಟವರು ಕೆಟ್ಟವರಲ್ಲ" ಎಂದ ಅವನು.

"ನಾನೂ ಹಾಗಂದಿಲ್ಲ. ಅವರಿಗೊಂದು ನಮಸ್ಕಾರ. ದುಡ್ಡು ವಾಪಸ್."

"ಗಡುವಿಗೆ ಒಂದೇ ವಾರ ಇದೆ. ಮತ್ತೆ ಏಳೋಕಾಗಲ್ಲ ನಿಮಗೆ."

"ಬಿದ್ದರೆ ನನ್ನ ಹಲಗೆ ಸಮೇತ ಬೀಳ್ತೀನಿ ಬಿಡಿ."

ಅದೇ ಮಧ್ಯಾಹ್ನ ಅಡುಗೆಮನೆಯಲ್ಲಿ ಹೊಸ ವಿಡಿಯೊ ತೆಗೆದರು. ತೆಗೆದವಳು ನಾದಿನಿಯೇ. "ಇನ್ಯಾರನ್ನ ಕರೀಲಿ, ನಿನಗಿಂತ ಚೆನ್ನಾಗಿ ಕದ್ದು ತೆಗೆಯೋರು ಯಾರಿದ್ದಾರೆ? ಈ ಸಲ ನನಗೆ ಹೇಳಿ ತೆಗಿ" ಎಂದಳು ಮೇಸ್ತ್ರಿ. ಹಲಗೆಯ ಪಕ್ಕ ಒಂದು ಬುಟ್ಟಿ ಈರುಳ್ಳಿ ಇಟ್ಟುಕೊಂಡು ಹೆಚ್ಚಲು ಶುರುಮಾಡಿದಳು. ಮೊನೆಗೆ ಚುಚ್ಚುವುದು, ಕೀಲಿನ ಚಾಕು ಒತ್ತುವುದು, ಚೂರನ್ನು ಪಕ್ಕಕ್ಕೆ ತಳ್ಳುವುದು. ಸ್ವಲ್ಪ ಹೊತ್ತಿಗೇ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ತಲೆಯೆತ್ತಿ ಕ್ಯಾಮೆರಾ ನೋಡಿದಳು.

"ಕಣ್ಣೀರು ನೋಡಬೇಕು ಅನ್ನೋರು ನೋಡ್ಕೊಳ್ಳಿ. ಇದು ಈರುಳ್ಳಿದು. ಮೊನ್ನೆ ನೀವು ನೋಡಿದ ವಿಡಿಯೊ ನನ್ನ ಕೇಳದೆ ಹಾಕಿದ್ದು, ಅದರ ದುಡ್ಡು ನಿಮಗೆ ವಾಪಸ್ ಬರುತ್ತೆ. ಗುಂಡಿ ವಿಷಯ ಕೇಳ್ತೀರಾ? ಆ ಅಂಗಿ ಬಿಸಾಕಿದ್ದೀನಿ, ಈಗ ಎಳೆದು ಹಾಕ್ಕೊಳ್ಳೋ ಅಂಗಿ. ಈ ಹಲಗೇಲಿ ಒಂದು ಕೈಯಲ್ಲಿ ಅಡುಗೆ ಮಾಡಬಹುದು. ಬೇಕಾದವ್ರು ದುಡ್ಡು ಕಟ್ಟಿ ತಗೊಳ್ಳಿ. ಬೇಡದವ್ರು ದಯವಿಟ್ಟು ಕೊಡಬೇಡಿ. ನಾನು ವ್ಯಾಪಾರಕ್ಕೆ ಕೂತಿದ್ದೀನಿ."

ಕ್ಯಾಮೆರಾದ ಹಿಂದೆ ನಾದಿನಿ ಸೊರಸೊರ ಮೂಗೆಳೆಯುತ್ತಿದ್ದಳು. ಅದೂ ವಿಡಿಯೊದಲ್ಲಿ ಕೇಳಿಸುತ್ತದೆ.

ಜನ ಸುಮ್ಮನಿರಲಿಲ್ಲ. ಹಣ ವಾಪಸ್ ಬಂದವರಲ್ಲಿ ಕೆಲವರು ಉರಿದುಬಿದ್ದರು. ಬಡಗಿ ಶೆಡ್ಡಿನಲ್ಲಿ ಕೂತು ಓದಿ ಹೇಳುತ್ತಿದ್ದ. "ಒಬ್ಬ ಬರೆದಿದ್ದಾನೆ, ಕೈ ಹೋದ್ರೂ ಸೊಕ್ಕು ಹೋಗಿಲ್ಲ ಅಂತ."

"ಸೊಕ್ಕು ಕೈಯಲ್ಲಿರಲ್ಲಪ್ಪ ಅಂತ ಬರೀರಿ."

"ನಿಜವಾಗ್ಲೂ ಬರೀಲಾ?"

"ಮತ್ತೆ? ಕಾಗುಣಿತ ನೋಡ್ಕೊಂಡು ಬರೀರಿ."

ಗಂಡ ನಗುತ್ತಾ ಬರೆದ. ಬಹಳ ದಿನಗಳ ಮೇಲೆ ಅವನು ನಕ್ಕಿದ್ದ.

ಬೈಗುಳಗಳ ನಡುವೆ ಬೇರೆ ತರಹದ ಮಾತುಗಳೂ ಬರತೊಡಗಿದವು. ಭುಜದ ಮೂಳೆ ಮುರಿದುಕೊಂಡ ಲಾರಿ ಚಾಲಕನೊಬ್ಬ ಚಾಕುವಿನ ಉದ್ದ ಕೇಳಿದ. ಎಡಗೈಯಲ್ಲೇ ಎಲ್ಲ ಮಾಡಬೇಕಾದವರಿಗೆ ಕೀಲು ಆಚೆ ಬದಿಗೆ ಬರುತ್ತದೆಯೇ ಎಂದು ಇನ್ನೊಬ್ಬಳು ಕೇಳಿದಳು. 'ನನಗೆ ಎರಡೂ ಕೈ ನೆಟ್ಟಗಿವೆ, ಆದರೆ ಒಂದರಲ್ಲಿ ಯಾವಾಗಲೂ ಮಗು ಇರುತ್ತದೆ, ನಾನು ಕೊಳ್ಳಬಹುದೇ' ಎಂದು ಒಬ್ಬ ತಾಯಿ ಬರೆದಳು. ಮೇಸ್ತ್ರಿ ಪ್ರತಿಯೊಂದಕ್ಕೂ ತಾನೇ ಉತ್ತರ ಹೇಳಿ ಬರೆಸಿದಳು. ಅವರೆಲ್ಲ ಹಲಗೆಗೇ ಹಣ ಕಟ್ಟಿದರು.

ಆದರೂ ಸಾಲಲಿಲ್ಲ. ಗಡುವಿನ ದಿನ ಮೊತ್ತ ಗುರಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತುಹೋಯಿತು. ವೆಬ್‌ಸೈಟಿನ ನಿಯಮದಂತೆ ಎಲ್ಲರ ಹಣವೂ ಹಿಂದಿರುಗಿತು. ಸಲಹೆಗಾರ ಫೋನು ಮಾಡಿ, "ಬೇಜಾರಾಗ್ತಿದೆ ಮೇಡಂ" ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟು ಶೆಡ್ಡಿಗೆ ಹೋಗಿ, ಮರದ ಪುಡಿಯ ಮೇಲೇ ಕುಳಿತುಬಿಟ್ಟಳು. ತಾನು ಮಾಡಿದ್ದು ಹಠವೋ ಮೂರ್ಖತನವೋ ಎಂದು ಆ ದಿನ ಮಾತ್ರ ಅವಳಿಗೆ ಅನುಮಾನ ಬಂತು. ನಾದಿನಿ ಚಹಾ ತಂದು ಪಕ್ಕದಲ್ಲಿಟ್ಟಳು. ಕುಡಿಯದೆ ಆರಿಹೋಯಿತು.

ಗಂಡ ಒಂದು ಡಬ್ಬಿಯನ್ನು ಬೋರಲು ಹಾಕಿ, ಬಾಗಿಲಿಗೆ ಹಾಕುವ ತಿರುಗಣಿಗಳನ್ನು ಒಂದೊಂದಾಗಿ ತೆಗೆದು ನೋಡಿದ. ಒಂದನ್ನು ಚಾಕುವಿನ ತುದಿಗೆ ಹಿಡಿದ. ದಪ್ಪವಾಯಿತು. ಇನ್ನೊಂದು ಹಿಡಿದ.

"ಅಚ್ಚಿನ ಕೀಲೇ ಆಗಬೇಕು ಅಂತ ಯಾರು ಹೇಳಿದ್ದು?" ಎಂದ. "ಇದನ್ನ ಉಜ್ಜಿ ಕೂರಿಸಬಹುದು. ಒಂದೊಂದಕ್ಕೂ ಟೈಮ್ ಹಿಡಿಯುತ್ತೆ, ಅಷ್ಟೇ."

ಮೇಸ್ತ್ರಿ ತಿರುಗಿ ನೋಡಿದಳು. "ಮುಂಚೇನೇ ಹೇಳೋಕೇನಾಗಿತ್ತು ನಿಮಗೆ?"

"ಮುಂಚೆ ನೀನು ಕೇಳಿದ್ದು ರಾಶಿ ಹಲಗೆ, ಮೇಸ್ತ್ರಿ."

ಮರುದಿನ ಹಲಗೆ ಕೇಳಿದ್ದ ಎಲ್ಲರಿಗೂ ಅವಳು ಬರೆಸಿದಳು: ವೆಬ್‌ಸೈಟಿನಲ್ಲಿ ನಾವು ಸೋತೆವು. ಹಲಗೆ ಮಾತ್ರ ಮಾಡುತ್ತೇವೆ, ಕೈಯಲ್ಲೇ, ನಿಧಾನವಾಗಿ. ಕಾಯುವವರು ಕಾಯಿರಿ. ಮುಂಗಡ ಬೇಡ. ಹಲಗೆ ಮನೆಗೆ ಬಂದು, ಒಂದು ಅಡುಗೆ ಮಾಡಿ ನೋಡಿದ ಮೇಲೆ ಹಣ ಕೊಡಿ. ಕೆಲವರು ಬಿಟ್ಟುಹೋದರು. ಹೆಚ್ಚಿನವರು ಕಾಯುತ್ತೇವೆಂದರು. ಬಡಗಿ ಮನೆಗಳ ಬಾಗಿಲು ಕಿಟಕಿ ಕೆಲಸ ಮುಗಿಸಿ ಬಂದು ಹಲಗೆಗೆ ಕೂರುತ್ತಿದ್ದ. ನಾದಿನಿ ಸ್ಟುಡಿಯೋದಿಂದ ಬಂದು ಉಪ್ಪುಕಾಗದ ಹಿಡಿದು ಅಂಚು ಉಜ್ಜುತ್ತಿದ್ದಳು. ಮೇಸ್ತ್ರಿ ಪ್ರತಿಯೊಂದರಲ್ಲೂ ತಾನೇ ಏನಾದರೂ ಹೆಚ್ಚಿ ನೋಡದೆ ಹೊರಗೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಮೂರು ಹೊತ್ತೂ ಕ್ಯಾರೆಟ್. ಹಲಗೆ ತುಂಬಿ ಕಳಿಸುವ ರಟ್ಟಿನ ಪೆಟ್ಟಿಗೆಗಳನ್ನಂತೂ ಅವಳು ಒಂದೇ ಕೈಯಲ್ಲಿ ಪಟಪಟನೆ ಮಡಚಿ ಎಸೆಯುತ್ತಿದ್ದಳು.

ಮೊದಲ ಹಲಗೆಗಳು ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ, ಖಾರವಾಗಿತ್ತು.

"ರೀ, ಹಲಗೆ ಕಳಿಸಿದ್ದು ನೀವೇನಾ? ಏನ್ರೀ ಇದು, ಜಾರುತ್ತೆ! ಬೀಟ್‌ರೂಟ್ ಹೆಚ್ಚೋಕೆ ಹೋದ್ರೆ ಹಲಗೆ ಈ ಕಡೆಯಿಂದ ಆ ಕಡೆಗೆ ಹೋಗುತ್ತೆ. ಸೀರೆಯೆಲ್ಲ ಕೆಂಪು. ಇಂಥದ್ದಕ್ಕೆ ದುಡ್ಡು ಬೇರೆ ಕೇಳ್ತೀರಾ?"

ಮೇಸ್ತ್ರಿ ನೆಟ್ಟಗೆ ಕುಳಿತಳು. "ಜಾರೋಕೆ ಸಾಧ್ಯವೇ ಇಲ್ಲ, ಕೆಳಗೆ ರಬ್ಬರ್ ಅಂಟಿಸಿದೆ. ನೀವು ಯಾವುದರ ಮೇಲೆ ಇಟ್ಟಿದ್ರಿ?"

"ಅಡುಗೆಕಟ್ಟೆ ಮೇಲೆ. ನುಣುಪು ಕಲ್ಲು."

"ಒದ್ದೆ ಇತ್ತಾ?"

"ಅಡುಗೆಮನೆ ಕಣಮ್ಮ, ಒದ್ದೆ ಇರದೆ ಏನಿರುತ್ತೆ? ನೀನು ಅಡುಗೆ ಮಾಡ್ತೀಯೋ ಇಲ್ವೋ?"

"ದಿನಾ ಮಾಡ್ತೀನಿ, ಒಂದೇ ಕೈಯಲ್ಲಿ!"

"ನನ್ನದೂ ಒಂದೇ ಕೈ, ಅದೇನು ದೊಡ್ಡ ವಿಷಯವಾ? ಹಲಗೆ ಸರಿಮಾಡಿಕೊಡು. ಅಲ್ಲಿವರೆಗೆ ಅರ್ಧ ದುಡ್ಡು ಮಾತ್ರ."

"ಅರ್ಧ ಯಾಕೆ? ಸರಿಹೋಗೋವರೆಗೆ ಒಂದು ಕಾಸೂ ಕೊಡಬೇಡಿ. ಸರಿಹೋದ ಮೇಲೆ ಒಂದು ಕಾಸೂ ಬಿಡಲ್ಲ ನಾನು."

"ಆಯ್ತು, ನೋಡೋಣ" ಎಂದು ಆ ಹೆಂಗಸು ಫೋನಿಟ್ಟಳು.

ಮೇಸ್ತ್ರಿಯ ಕೆನ್ನೆ ಕೆಂಪಾಗಿತ್ತು. "ರೀ!" ಎಂದು ಶೆಡ್ಡಿನ ಕಡೆ ಕೂಗಿದಳು. "ನಿಮ್ಮ ರಬ್ಬರಿಗೆ ಬೆಂಕಿ ಹಾಕ! ಒಂದು ಹಲಗೆ ತಗೊಂಡು ಬನ್ನಿ ಬೇಗ!"

ಬಡಗಿ ಓಡಿ ಬರುವಷ್ಟರಲ್ಲಿ ಅವಳು ಅಡುಗೆಕಟ್ಟೆಯ ಮೇಲೆ ತಂಬಿಗೆ ತುಂಬ ನೀರು ಸುರಿದು, ಅಂಗೈಯಿಂದ ಎಲ್ಲ ಕಡೆ ಹರಡುತ್ತಿದ್ದಳು.