ಹಾಕದೆ ಉಳಿದ ಗಂಟು

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಶೆಡ್ಡಿಗೆ ಅಂಟಿಕೊಂಡಂತೆ ಒಂದು ಕೋಣೆ. ಒಂದೇ ಕಿಟಕಿ, ಒಂದು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಹರಿದ ಚಾದರಗಳ ರಾಶಿ. ಅಲ್ಲಿ ಕೂತು ಇಪ್ಪತ್ತೆರಡು ವರ್ಷಗಳಿಂದ ಹರಿದದ್ದನ್ನೆಲ್ಲ ಒಂದುಗೂಡಿಸುತ್ತಿದ್ದವಳು ಹೊಲಿಗೆಯಮ್ಮ. ಉದ್ದನೆಯ ಹರುಕಿಗೆ ಯಂತ್ರ, ಸಣ್ಣ ತೂತಿಗೆ ಕೈ. ಕೈಹೊಲಿಗೆ ಮುಗಿದ ಮೇಲೆ ದಾರವನ್ನು ಬಟ್ಟೆಯ ಹಿಂಬದಿಗೆ ಎಳೆದು, ಸೂಜಿಗೆ ಎರಡು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಎಳ್ಳುಕಾಳಿನಷ್ಟು ಸಣ್ಣ ಗಂಟು ಹಾಕುವಳು. ಹಾಕುವಾಗ ಅವಳ ತುಟಿ ಅಲ್ಲಾಡುತ್ತಿತ್ತು.

ಅದು ಅವಳ ಅಮ್ಮ ಕಲಿಸಿದ್ದು. ಏಳು ವರ್ಷದವಳಿದ್ದಾಗ ಹೊಲಿಗೆ ಚೆನ್ನಾಗಿಯೇ ಹಾಕಿ, ಕೊನೆಗೆ ಗಂಟು ಹಾಕಲು ಸೋಮಾರಿತನ ಮಾಡಿ, ಎಲ್ಲ ಬಿಚ್ಚಿಹೋಗಲು ಬಿಡುತ್ತಿದ್ದಳು. ಅಮ್ಮ ಬೈಯಲಿಲ್ಲ. "ಗಂಟು ಹಾಕುವಾಗ ದೇವರು ಮಾಡಿದ ಒಂದು ಒಳ್ಳೇದಕ್ಕೆ ಅವನಿಗೆ ಉಪಕಾರ ಹೇಳು. ನಿನ್ನೆ ಹೇಳಿದ್ದನ್ನು ಇವತ್ತು ಹೇಳಕೂಡದು. ಆಗ ಗಂಟನ್ನೂ ಮರೆಯಲ್ಲ, ದೇವರನ್ನೂ ಮರೆಯಲ್ಲ" ಎಂದಿದ್ದಳು. ಆ ವಯಸ್ಸಿನಲ್ಲಿ ಹುಡುಗಿ ಹೇಳಿದ ಉಪಕಾರಗಳು ದೇವರಿಗೂ ನಗು ತರಿಸಿರಬೇಕು. "ದೇವರೇ, ಇವತ್ತು ಲೆಕ್ಕದ ಮೇಷ್ಟ್ರಿಗೆ ಜ್ವರ. ದೊಡ್ಡ ಉಪಕಾರ ಆಯ್ತು."

ಮದುವೆಯಾದ ಹೊಸದರಲ್ಲಿ, "ಇವರು ಗೊರಕೆ ಹೊಡೀತಾರೆ, ಆದರೆ ಎಡಕ್ಕೆ ತಿರುಗಿಸಿದರೆ ನಿಲ್ಲುತ್ತೆ, ಉಪಕಾರ ಆಯ್ತು." ಮಗು ಹುಟ್ಟಿದಾಗ, ಜ್ವರ ಇಳಿದಾಗ, ಮೊದಲ ಹೆಜ್ಜೆ ಇಟ್ಟಾಗ ಉಪಕಾರಕ್ಕೆ ಬರವೇ ಇರಲಿಲ್ಲ, ಗಂಟುಗಳೇ ಸಾಲುತ್ತಿರಲಿಲ್ಲ. ಬಸ್ಸು ಓಡಿಸುತ್ತಿದ್ದ ಗಂಡ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಬಗ್ಗಿದವನು ಮತ್ತೆ ಮೇಲೇಳಲಿಲ್ಲ. ಆಗ ಹತ್ತು ದಿನ ಸೂಜಿ ಹಿಡಿದು ಸುಮ್ಮನೆ ಕೂತಿದ್ದಳು. ಹನ್ನೊಂದನೆಯ ದಿನ ಕತ್ತರಿ ಎತ್ತಿಕೊಂಡರೆ ಅದು ಚೂಪಾಗಿತ್ತು. ಸಾಯುವ ಹಿಂದಿನ ದಿನ ಅವನು ಸಾಣೆ ಹಿಡಿಸಿಕೊಂಡು ಬಂದಿದ್ದ, ಹೇಳಿರಲಿಲ್ಲ. ಆ ಕತ್ತರಿಯ ಉಪಕಾರಕ್ಕೆ ಒಂದು ಗಂಟು ಬಿತ್ತು. ಚಿಕ್ಕವಳಿದ್ದಾಗ ದೇವರೆಂದರೆ ಕೊಡುವ ಕೈ. ಅಲ್ಲಿಂದೀಚೆಗೆ ಅವಳಿಗೆ ದೇವರು ಅದೇ ಕೋಣೆಯಲ್ಲಿ, ಇನ್ನೊಂದು ಕುರ್ಚಿಯ ಮೇಲೆ, ಮಾತಾಡದೆ ಕೂತಿರುವ ಮನೆಯವನಂತಾದ.

ಆಮೇಲೆ ಮಗಳು ಕಾಯಿಲೆ ಬಿದ್ದಳು.

ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಮೂವತ್ತೊಂದು ವರ್ಷವಾಗಿ, ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಟೀಚರಾದ ಮೇಲೂ ಗುಬ್ಬಿಯೇ. ರಕ್ತದ ಕಾಯಿಲೆ. ಮೂರನೇ ವಾರ್ಡು, ಕಿಟಕಿಯ ಪಕ್ಕದ ಮಂಚ, ಹನ್ನೊಂದು ವಾರ. ಹೊಲಿಗೆಯಮ್ಮ ತನ್ನ ಕೆಲಸವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಮಂಚದ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಳು. ಎರಡನೇ ವಾರದಲ್ಲೇ ಗುಬ್ಬಿ ಒಂದು ಆಟ ಹೂಡಿದಳು.

"ಅಮ್ಮಾ, ಇವತ್ತಿನಿಂದ ಗಂಟು ನಿಂದು, ಮಾತು ನಂದು."

"ಅದೇನೇ ಹಾಗಂದ್ರೆ?"

"ನಿನ್ನ ಉಪಕಾರ ಎಲ್ಲ ಹಳೇದಾಗಿವೆ. ದೇವರಿಗೂ ಬೇಜಾರಾಗಿರುತ್ತೆ. ಹೂಂ, ಹಾಕು ಗಂಟು. ದೇವರೇ, ಸೂಜಿ ಚುಚ್ಚೋ ಸಿಸ್ಟರ್ ಬದಲಾದ್ರು, ಹೊಸಬರ ಕೈ ಹಗುರ, ದೊಡ್ಡ ಉಪಕಾರ ಆಯ್ತು."

ಮರುದಿನ, "ಪಕ್ಕದ ಮಂಚದ ಅಜ್ಜಿ ನನಗೆ ಹದಿನೆಂಟು ವರ್ಷ ಅಂದ್ಕೊಂಡಿದ್ದಾರೆ. ಅಮ್ಮಾ, ಇದಕ್ಕೆ ಎರಡು ಗಂಟು ಹಾಕು."

ತಲೆಗೂದಲು ಉದುರಿದ ದಿನವೂ ಅವಳು ಬಿಡಲಿಲ್ಲ. ಬಾಚಣಿಗೆ ಹುಡುಕುವ ತಂಟೆ ತಪ್ಪಿತು ಎಂದಳು. ಅಮ್ಮ ಗಂಟು ಹಾಕಿ, ದಾರ ಕತ್ತರಿಸುವ ನೆಪದಲ್ಲಿ ಮುಖವನ್ನು ಬಟ್ಟೆಗೆ ಹತ್ತಿರ ತಂದುಕೊಂಡಳು.

ಕೊನೆಯ ದಿನದ ಮಧ್ಯಾಹ್ನ, ಗುಬ್ಬಿ ಹೊದ್ದಿದ್ದ ಬೂದು ಬಣ್ಣದ ಹೊದಿಕೆಯ ಮೂಲೆಯಲ್ಲಿ ಬೆರಳು ತೂರುವಷ್ಟು ತೂತು ಕಂಡಿತು. ಅವಳ ಮೈಮೇಲಿಂದ ತೆಗೆಯದೆಯೇ ಅಮ್ಮ ಅದನ್ನು ಹೊಲಿದಳು. ಎಳೆಗೆ ಎಳೆ ಕೂಡಿಸಿ ತೂತು ಮುಚ್ಚಿತು. "ಗಂಟು ಹಾಕ್ಲೇನೇ?" ಎಂದಳು.

"ತಡಿಯಮ್ಮಾ. ಒಂದು ಒಳ್ಳೇದಿದೆ. ಸರಿಯಾಗಿ ಯೋಚಿಸಿ ಹೇಳ್ತೀನಿ." ಹಾಗೆಂದು ಗುಬ್ಬಿ ಕಣ್ಣು ಮುಚ್ಚಿದಳು.

ಅಮ್ಮ ಸೂಜಿ ಹಿಡಿದು ಕಾದಳು. ಮಂಚದ ಕಾಲಿನ ಬಳಿಯಿದ್ದ ಬಿಸಿಲು ಗೋಡೆಗೆ ಹತ್ತಿತು. ನಿದ್ದೆ ಹತ್ತಿರಬೇಕು, ಏಳಲಿ ಎಂದುಕೊಂಡಳು. ಜ್ವರ ನೋಡಲು ಬಂದ ಸಿಸ್ಟರ್ ಗುಬ್ಬಿಯ ಮಣಿಕಟ್ಟು ಹಿಡಿದವರು ಬಿಡದೆ ಹಿಡಿದೇ ಇದ್ದರು. ಆಮೇಲೆ ಗಂಟೆ ಮೊಳಗಿತು, ಜನ ಓಡಿ ಬಂದರು, ಯಾರೋ ಅಮ್ಮನ ಭುಜ ಬಳಸಿ ಹೊರಗೆ ಕರೆದುಕೊಂಡು ಹೋದರು. ಸೂಜಿ ಹೊದಿಕೆಯಲ್ಲೇ ನೇತಾಡುತ್ತಾ ಉಳಿಯಿತು.

ಮೂರು ವಾರ ಕಳೆದು ಹೊಲಿಗೆಯಮ್ಮ ಕೆಲಸಕ್ಕೆ ಮರಳಿದಳು. ಕೈ ತನ್ನ ಪಾಡಿಗೆ ಹೊಲಿಯುತ್ತಿತ್ತು. ದಾರ ಹಿಂಬದಿಗೆ ಬಂದಾಗ ಮಾತ್ರ ಕಿವಿ ನೆಟ್ಟಗಾಗುತ್ತಿತ್ತು. 'ತಡಿಯಮ್ಮಾ' ಎಂದಂತಾಗುತ್ತಿತ್ತು. ತಡೆಯುತ್ತಿದ್ದಳು. ಏನೂ ಕೇಳಿಸದೆ, ದಾರ ಕತ್ತರಿಸಿ ಮುಂದಿನ ಚಾದರ ಎಳೆದುಕೊಳ್ಳುತ್ತಿದ್ದಳು. ಐವತ್ತು ವರ್ಷಗಳಿಂದ ಮಾತೂ ಗಂಟೂ ಒಂದೇ ಕೆಲಸವಾಗಿದ್ದುದರಿಂದ, ಮಾತು ನಿಂತಾಗ ಗಂಟೂ ನಿಂತುಹೋಗಿದ್ದು ಅವಳ ಗಮನಕ್ಕೇ ಬರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ದೊಡ್ಡ ಸಿಸ್ಟರ್ ನಾಲ್ಕು ಚಾದರ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ನರ್ಸುಗಳಿಗೆಲ್ಲ ಮೇಲಿನವರು ಅವರು. ಕೋಪ ಬಂದರೆ ದನಿ ಇನ್ನೂ ಮೆತ್ತಗಾಗುವ ಹೆಂಗಸು. ಅವತ್ತು ಕೋಪವಿರಲಿಲ್ಲ, ಆದರೂ ದನಿ ಮೆತ್ತಗಿತ್ತು.

"ಹೊಲಿಗೆಯಮ್ಮಾ, ಹತ್ತನೇ ಮಂಚದ ತಾತನ ಕಾಲ್ಬೆರಳು ಈ ತೂತಲ್ಲಿ ಸಿಕ್ಕಿಕೊಂಡು, ಯಾರೋ ಕಾಲು ಹಿಡ್ಕೊಂಡಿದ್ದಾರೆ ಅಂತ ವಾರ್ಡೇ ಹಾರಿಹೋಗೋ ಹಾಗೆ ಕೂಗಿಬಿಟ್ಟರು. ನಿಮ್ಮ ಹೊಲಿಗೇನೇ ಇದು. ಒಂದು ಒಗೆತಕ್ಕೇ ಬಿಚ್ಚಿದೆ."

ಹೊಲಿಗೆಯಮ್ಮ ಚಾದರ ತಿರುಗಿಸಿ ನೋಡಿದಳು. ಗಂಟಿರಲಿಲ್ಲ. ನಾಲ್ಕರಲ್ಲೂ ಇರಲಿಲ್ಲ.

"ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ. ರಜೆ ಬೇಕಾದ್ರೂ ತಗೊಳ್ಳಿ, ನಾನು ನೋಡ್ಕೋತೀನಿ" ಎಂದು ದೊಡ್ಡ ಸಿಸ್ಟರ್ ತಾವು ಕುಡಿಯಲು ತಂದಿದ್ದ ಟೀ ಲೋಟವನ್ನು ಯಂತ್ರದ ಪಕ್ಕ ಇಟ್ಟು, ಮರೆತವರಂತೆ ಹೋದರು.

ಅವಳು ಟೀ ಮುಟ್ಟಲಿಲ್ಲ. ಒಗೆದು ಬಂದಿದ್ದ ಬೇರೆ ಚಾದರಗಳನ್ನು ಒಂದೊಂದಾಗಿ ತಿರುಗಿಸಿದಳು. ಅವುಗಳ ಮೇಲಿದ್ದ ತನ್ನ ಹೊಲಿಗೆ ಬಿಚ್ಚಿರಲಿಲ್ಲ. ಅವುಗಳಲ್ಲಿ ಗಂಟಿತ್ತು, ಆದರೆ ತನ್ನದಲ್ಲ. ಬಟಾಣಿ ಕಾಳಿನಷ್ಟು ದಪ್ಪ, ಸೊಟ್ಟ, ಒಂದರ ಮೇಲೊಂದು ಹೇರಿದ ಗಂಟುಗಳು.

ಒಂದು ಚಾದರ ಎತ್ತಿಕೊಂಡು ಪಕ್ಕದ ಶೆಡ್ಡಿಗೆ ನಡೆದಳು. ಒಗೆಯುವ ಯಂತ್ರಗಳ ಮುಂದೆ ಸೋಪಣ್ಣ ನಿಂತಿದ್ದ. ಆಸ್ಪತ್ರೆಯ ಬಟ್ಟೆಯೆಲ್ಲ ಒಗೆಯುವವನು. ನೀರಲ್ಲಿ ನೆನೆದೂ ನೆನೆದೂ ಬೆರಳುಗಳು ಬಿಳಿಚಿ ಊದಿಕೊಂಡಿದ್ದವು. ಹಲ್ಲುನೋವೆಂದು ಎರಡು ದಿನ ರಜೆ ಹಾಕಿ ಅವತ್ತೇ ಬಂದಿದ್ದ. ಒಂದು ಕೆನ್ನೆ ಉಬ್ಬಿತ್ತು.

"ಸೋಪಣ್ಣಾ, ಯಾರಪ್ಪ ಹಾಕಿದ್ದು ಇದು?"

"ಯಾವುದು, ಅಕ್ಕಾ?"

"ಈ ಬಟಾಣಿ."

ಅವನು ಚಾದರ ನೋಡಿದ, ಅವಳನ್ನು ನೋಡಿದ, ಯಂತ್ರ ನಿಲ್ಲಿಸಿದ. "ನಾನೇ. ಎರಡು ದಿನ ಇರಲಿಲ್ಲ ನೋಡಿ, ಅಷ್ಟರಲ್ಲಿ ನಾಲ್ಕು ತಪ್ಪಿಸ್ಕೊಂಡು ಹೋಗಿವೆ. ಹಾಳು ಹಲ್ಲು."

"ಎಷ್ಟು ದಿನದಿಂದ?"

"ನೀವು ವಾಪಸ್ ಬಂದಾಗಿಂದ. ನೀರಿಗೆ ಹಾಕೋಕೆ ಮುಂಚೆ ಒಂದ್ಸಲ ನೋಡಿ ಹಾಕ್ತಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳಲಿ? ಮಗಳನ್ನ ಕಳ್ಕೊಂಡು ಬಂದೋರಿಗೆ, ನಿಮ್ಮ ಗಂಟು ಸರಿಯಿಲ್ಲ ಅನ್ನಲಾ? ನನ್ನ ಬೆರಳೂ ದಪ್ಪ, ಮಾತೂ ದಪ್ಪ. ಎರಡರಲ್ಲಿ ಬೆರಳೇ ವಾಸಿ ಅನ್ನಿಸ್ತು." ಉಬ್ಬಿದ ಕೆನ್ನೆ ಒತ್ತಿಕೊಳ್ಳುತ್ತಾ ಅಂದ: "ಗಂಟು ಹಾಕುವಾಗ ನೀವೇನೋ ಹೇಳ್ತಿದ್ರಿ. ಗೋಡೆಯಾಚೆ ನಂಗೆ ಗುಂಯ್‌ಗುಡೋದಷ್ಟೇ ಕೇಳಿಸೋದು, ಏನಂತ ಗೊತ್ತಿಲ್ಲ. ಅದಕ್ಕೆ ನಾನು, ದೇವರೇ, ಇದು ಅಕ್ಕನ ಪರವಾಗಿ, ಮಾತನ್ನ ಅವರೇ ಬಂದು ಹೇಳ್ತಾರೆ ಅಂತಿದ್ದೆ. ತಪ್ಪಾಯ್ತಾ?"

ಹೊಲಿಗೆಯಮ್ಮ ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟಳು. "ನನ್ನ ಹತ್ರ ಮಾತಿಲ್ಲ ಸೋಪಣ್ಣ. ಗುಬ್ಬಿ ಏನೋ ಒಳ್ಳೇದು ಹೇಳ್ತೀನಿ, ತಡಿ ಅಂದ್ಲು. ಇನ್ನೂ ಹೇಳಿಲ್ಲ. ಅವಳು ಹೇಳದೆ ನಾನು ಹೇಗೆ ಹಾಕಲಿ?"

ಸೋಪಣ್ಣ ಸೋಪಿನ ಡಬ್ಬಗಳ ಕಪಾಟು ತೆರೆದು ಕಾಗದದಲ್ಲಿ ಸುತ್ತಿದ್ದ ಒಂದು ಕಟ್ಟನ್ನು ತಂದು ಅವಳ ಮಡಿಲಲ್ಲಿಟ್ಟ. ಬೂದು ಬಣ್ಣದ ಹೊದಿಕೆ. ಮೂಲೆಯಲ್ಲಿ ಹತ್ತಿ ಸುತ್ತಿದ ಸೂಜಿ, ಅದರಲ್ಲಿ ಇನ್ನೂ ದಾರ.

"ಮೂರನೇ ವಾರ್ಡಿಂದ ಬಂತು. ಕೈ ಹಾಕಿದ ತಕ್ಷಣ ಚುಚ್ಚಿತು. ನಿಮ್ಮ ದಾರ ನಂಗೆ ಗೊತ್ತಾಗಲ್ವಾ? ಮಿಷನ್ನಿಗೆ ಹಾಕಲಿಲ್ಲ, ಕೈಯಲ್ಲೇ ಒಗೆದೆ."

"ಇದಕ್ಕೂ ಹಾಕಿಬಿಡಬೇಕಿತ್ತು."

"ಎಲ್ಲಾ ಗಂಟೂ ನಂಗೆ ಹಾಕೋಕೆ ಬರಲ್ಲ ಅಕ್ಕ."

ತನ್ನ ಕೋಣೆಗೆ ಬಂದು ಹೊಲಿಗೆಯಮ್ಮ ಹೊದಿಕೆಯನ್ನು ಮಡಿಲಲ್ಲಿ ಹರವಿಕೊಂಡಳು. ಸೋಪಿನ ವಾಸನೆ ಬಿಟ್ಟರೆ ಅದರಲ್ಲಿ ಇನ್ನಾರ ವಾಸನೆಯೂ ಇರಲಿಲ್ಲ. ಸೂಜಿ ಹಿಡಿದಳು. ಕೈ ಮುಂದೆ ಹೋಗಲೊಲ್ಲದು. ಗಂಟು ಹಾಕದೆ ಇರುವಷ್ಟು ದಿನ ಗುಬ್ಬಿ ಕಣ್ಣು ಮುಚ್ಚಿ ಯೋಚಿಸುತ್ತಲೇ ಇರುತ್ತಾಳೆ. ಹಾಕಿದೆನೋ, ಅವಳ ಮಾತು ಮುಗಿಯಿತು. ಇಷ್ಟು ದಿನ ಎದೆಯಲ್ಲಿ ಕೂತಿದ್ದದ್ದು ಇದೇ ಎಂದು ಅವಳಿಗೆ ಆಗ ತಿಳಿಯಿತು.

"ನಿನಗೆ ಉಪಕಾರ ಹೇಳಲ್ಲ" ಎಂದಳು ಎದುರಿನ ಖಾಲಿ ಕುರ್ಚಿಗೆ. "ಅವಳನ್ನ ಕರ್ಕೊಂಡಿದ್ದಕ್ಕೆ ಹೇಳಲ್ಲ. ಸಾಯೋವರೆಗೂ ಹೇಳಲ್ಲ, ತಿಳ್ಕೋ."

ಐವತ್ತು ವರ್ಷಗಳ ಪರಿಚಯದಲ್ಲಿ ಅವಳು ಅವನಿಗೆ ಇಷ್ಟು ಬಿರುಸಾಗಿ ಮಾತಾಡಿದ್ದು ಅದೇ ಮೊದಲು. ಕುರ್ಚಿಯಲ್ಲಿ ಕೂತವನು ಎದ್ದು ಹೋಗಲಿಲ್ಲ. ಗೋಡೆಯಾಚೆ ಸೋಪಣ್ಣ ಯಂತ್ರ ಹಾಕಿರಲಿಲ್ಲ. ನಲ್ಲಿಯ ಹನಿ ಬಕೆಟ್ಟಿಗೆ ಬೀಳುವುದು ಮಾತ್ರ ಕೇಳುತ್ತಿತ್ತು. ಅವಳು ಬಹಳ ಹೊತ್ತು ಅತ್ತಳು. ಹೊದಿಕೆಯ ಮೂಲೆ ಒದ್ದೆಯಾಯಿತು. ಅಳು ತಾನಾಗಿ ಬತ್ತಿದ ಮೇಲೆ ಮೂಗೊರೆಸಿಕೊಂಡು, ದಾರವನ್ನು ಹಿಂಬದಿಗೆ ಎಳೆದಳು.

"ಅವಳು ಏನೋ ಒಳ್ಳೇದನ್ನ ಯೋಚಿಸಿದ್ಲು" ಎಂದಳು. "ಏನಂತ ನನಗೆ ಗೊತ್ತಿಲ್ಲ. ನಿನಗೆ ಬಂದು ಹೇಳಿರ್ತಾಳೆ, ಬಾಯಿ ಮುಚ್ಕೊಂಡಿರೋಳಲ್ಲ ಅವಳು. ಅವಳು ಏನಕ್ಕೆ ಹೇಳಿದ್ಲೋ ಅದಕ್ಕೇ ನಂದೂ ಸೇರಿಸ್ಕೋ. ದೊಡ್ಡ ಉಪಕಾರ ಆಯ್ತು."

ಎರಡು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಎಳೆದಳು. ಎಳ್ಳುಕಾಳಿನಷ್ಟೇ ಆಯಿತು. ಏನನ್ನು ಕೊಟ್ಟದ್ದಕ್ಕೆ ಎಂದು ತಿಳಿಯದೆಯೇ ಅವಳು ಉಪಕಾರ ಹೇಳಿದ್ದು ಅದೊಂದೇ ಸಲ. ಸಮಾಧಾನವೇನೂ ಆಗಲಿಲ್ಲ. ಎದೆ ಮೊದಲಿನಷ್ಟೇ ಭಾರವಾಗಿತ್ತು; ಆದರೆ ಕಿವಿ ಕಾಯುವುದನ್ನು ಬಿಟ್ಟಿತು, ಮತ್ತು ಹಾಗೆ ಬಿಟ್ಟದ್ದು ಇನ್ನೊಂದು ನೋವಾಯಿತು.

ಹೊದಿಕೆ ಮಡಿಸಿ ಶೆಡ್ಡಿಗೆ ತಂದುಕೊಟ್ಟಾಗ ಸೋಪಣ್ಣ ಕೈ ಹಿಂದೆ ಕಟ್ಟಿಕೊಂಡ. "ನೀವೇ ಇಟ್ಕೊಳ್ಳಿ ಅಕ್ಕ. ಒಂದು ಹೊದಿಕೆ ಹೋದರೆ ಆಸ್ಪತ್ರೆ ಮುಳುಗಿಹೋಗಲ್ಲ."

"ಬೇಡಪ್ಪ. ವಾರ್ಡಿಗೆ ಕಳ್ಸು. ಚಳಿ ಆಗೋರಿಗೆ ಬೇಕಾಗುತ್ತೆ." ಬಾಗಿಲ ತನಕ ಹೋಗಿ ತಿರುಗಿದಳು. "ಲವಂಗ ಇದೆಯೇನೋ ಮನೇಲಿ? ಹಲ್ಲಿಗೆ ಒತ್ತಿ ಇಟ್ಕೋ. ಮತ್ತೆ ರಜೆ ಹಾಕಬೇಡ."

ಕೋಣೆಗೆ ಬಂದು, ತಣ್ಣಗಾದ ಟೀ ಕುಡಿದು, ತಾತನ ಚಾದರ ಎತ್ತಿಕೊಂಡಳು. ತೂತು ಮುಚ್ಚಿ ದಾರ ಹಿಂಬದಿಗೆ ಬಂದಾಗ ಹೇಳಲು ಏನೂ ತೋಚಲಿಲ್ಲ. ಗುಬ್ಬಿ ಇಲ್ಲ, ಇನ್ನು ಮಾತೂ ತನ್ನದೇ. ಕತ್ತರಿಯನ್ನು ಪಕ್ಕಕ್ಕಿಟ್ಟು ಕೂತಳು. ಗೋಡೆಯಾಚೆ ಯಂತ್ರ ತಿರುಗಲು ಶುರುವಾಯಿತು. ಆಗ ಅವಳ ತುಟಿ ಮೆಲ್ಲಗೆ ಅಲ್ಲಾಡಿತು. ತಾತನ ಚಾದರದ ಗಂಟು, ಸೋಪಣ್ಣ ಹಾಕಿದ್ದ ಬಟಾಣಿ ಕಾಳಿನಷ್ಟು ದಪ್ಪದ ಗಂಟುಗಳಿಗಾಗಿ ಬಿತ್ತು.