ಬಸರಿ ಮರದ ಉತ್ತರಕ್ಕೆ

ಚೊಂಗ್‌ಚಿಂಗ್ ರೈಲ್ವೆ ಸ್ಟೇಷನ್ನಿಂದ ಹೊರಗೆ ಕಾಲಿಟ್ಟಾಗ ಗೆಂಗ್ ಬಾವ್‌ಕುನ್‌ಗೆ ತಾನೇ ಹೀರೋ ಅನ್ನೋದ್ರಲ್ಲಿ ಡೌಟೇ ಇರಲಿಲ್ಲ. ಬೆನ್ನಿಗೆ ಬ್ಯಾಗು, ಕಣ್ಣಿಗೆ ಕೂಲಿಂಗ್ ಗ್ಲಾಸು, ಜೇಬಲ್ಲಿ ಎರಡು ದಿನಕ್ಕೆ ಹದಿನಾಲ್ಕು ಜಾಗ ನೋಡೋ ಪಟ್ಟಿ. ಒಂಟಿ ಸಲಗದ ಎಂಟ್ರಿ. ಸ್ಲೋ ಮೋಷನ್ ಒಂದು ಕಮ್ಮಿ ಇತ್ತು. ಅದನ್ನ ಮೆಟ್ಟಿಲುಗಳು ನೋಡ್ಕೊಂಡ್ವು. ಐವತ್ತು ಹತ್ತೋ ಹೊತ್ತಿಗೆ ಹೀರೋ ತಾನಾಗೇ ಸ್ಲೋ ಆಗ್ಬಿಟ್ಟ.

ಅವನ ಊರು ಹೆಂಗ್‌ಶುಯ್. ಉತ್ತರದ ಬಯಲು ಸೀಮೆ, ದೋಸೆ ಕಾವಲಿಯಷ್ಟು ಸಪಾಟು. ಅಲ್ಲಿ ಜನ ಮಾತಾಡೋದೇ ದಿಕ್ಕಲ್ಲಿ. "ಉಪ್ಪಿನ ಡಬ್ಬ ಒಲೆ ಪಶ್ಚಿಮಕ್ಕಿದೆ ನೋಡು", "ಸ್ವಲ್ಪ ಪೂರ್ವಕ್ಕೆ ಸರ್ಕೊಂಡು ಮಲ್ಕೋ" ಅಂತಾಳೆ ಅವರಮ್ಮ. ಅಂಥ ಮನೇಲಿ ಹುಟ್ಟಿದವನು ಇನ್ನೊಬ್ಬರ ಹತ್ರ ದಾರಿ ಕೇಳೋದುಂಟಾ? ವಂಶದ ಮರ್ಯಾದೆ ಪ್ರಶ್ನೆ!

ಹದಿನಾಲ್ಕು ಜಾಗ ಅನ್ನೋದು ಬರೀ ಬಿಲ್ಡಪ್ಪು. ಬಂದಿದ್ದು ತಾನ್ ಯಿಲಾನ್‌ಗೋಸ್ಕರ. ಒಂದು ವರ್ಷದಿಂದ ಮೊಬೈಲ್ ಗೇಮಲ್ಲಿ ಜೊತೆಗೆ ಆಡಿದೋಳು, ದಿನಾ ಮಾತಾಡಿದೋಳು, ಒಂದ್ಸಲನೂ ಎದುರಿಗೆ ಸಿಗದೋಳು. ನದಿ ದಾಟಿಸೋ ಕೇಬಲ್ ಕಾರಲ್ಲಿ ಟಿಕೆಟ್ ನೋಡೋ ಕೆಲಸ, ಸಂಜೆ ಐದೂವರೆಗೆ ಡ್ಯೂಟಿ. ಹಿಂದೆ ಒಬ್ಬ "ಬಂದೆ, ಬಂದೆ" ಅಂತ ಇಡೀ ದಿನ ಇವಳನ್ನ ಕಾಯ್ಸಿ, ತನ್ನ ಮನೆ ಸೋಫಾ ಬಿಟ್ಟೇ ಎದ್ದಿರಲಿಲ್ಲವಂತೆ. ಅದಕ್ಕೇ ಷರತ್ತು ಖಡಕ್ಕಾಗಿತ್ತು: "ಐದಕ್ಕೆ ದೊಡ್ಡ ಬಸರಿ ಮರದ ಹತ್ರ. ಐದೂ ಇಪ್ಪತ್ತರ ತನಕ ಕಾಯ್ತೀನಿ. ಬರ್ಲಿಲ್ವಾ, ಬ್ಲಾಕ್. ಸಾರಿ ಗೀರಿ ಏನೂ ನಡಿಯಲ್ಲ."

ಐದಕ್ಕೆ ಎರಡು ನಿಮಿಷ ಇರೋವಾಗ್ಲೇ ಬಾವ್‌ಕುನ್ ಹಾಜರು. ಮ್ಯಾಪಲ್ಲಿ ಕೆಂಪು ಚುಕ್ಕಿ ಮೇಲೆ ನೀಲಿ ಚುಕ್ಕಿ ಸರಿಯಾಗಿ ಕೂತಿದೆ. ಎದುರಿಗೆ ಕಲ್ಲಿನ ಗೋಡೆ, ಅದನ್ನ ಹೆಬ್ಬಾವಿನ ಹಾಗೆ ತಬ್ಬಿಕೊಂಡ ಬಸರಿ ಬೇರು. ಯಿಲಾನ್ ಮಾತ್ರ ಇಲ್ಲ.

ವಾಯ್ಸ್ ಮೆಸೇಜ್ ಬಿಟ್ಟ. "ಬಂದಿದ್ದೀನಿ. ಮರದ ಹತ್ರಾನೇ."

"ನಾನೂ ಮರದ ಹತ್ರಾನೇ. ನೀನೆಲ್ಲಿ?"

"ಉತ್ತರಕ್ಕೆ."

"ಉತ್ತರ ಅಂದ್ರೆ ಎಲ್ಲಿ ಮಾರಾಯಾ? ಮೇಲೋ, ಕೆಳಗೋ?"

"ಉತ್ತರ ಅಂದ್ರೆ ಉತ್ತರ! ಅದ್ರಲ್ಲಿ ಮೇಲೆ ಕೆಳಗೆ ಎಲ್ಲಿಂದ ಬಂತು?"

"ನಮ್ಮೂರಲ್ಲಿ ದಿಕ್ಕು ನೋಡೋದು ಸಮಾಧಿ ಕಟ್ಟೋವಾಗ ಮಾತ್ರ. ಬದುಕಿರೋರು ಮೇಲೆ, ಕೆಳಗೆ ಅಂತಾರೆ."

"ನೆಲದ ಮೇಲಿದ್ದೀನಿ ಕಣೇ! ರೋಡಲ್ಲಿ!"

"ನಾನೂ ರೋಡಲ್ಲೇ. ಇಲ್ಲಿ ನಾನೊಬ್ಳು, ಒಂದು ಕಂದು ನಾಯಿ, ಅಷ್ಟೇ. ಆ ನಾಯಿ ನೀನಾ?"

ಗೋಡೆ ಪಕ್ಕ ಒಬ್ಬಳು ಮುದುಕಿ ಬೆಲ್ಲದ ಪಾಕ ಸುರಿದ ತಣ್ಣನೆ ಜೆಲ್ಲಿ ಮಾರ್ತಾ, ಇದನ್ನೆಲ್ಲಾ ಪುಕ್ಕಟೆ ಸಿನಿಮಾ ಥರ ಕೇಳಿಸ್ಕೊಂಡು ನಗ್ತಾ ಇದ್ಲು. "ಏನಪ್ಪಾ ಹೀರೋ, ದಾರಿ ತಪ್ತಾ?"

"ದಾರಿ ಕರೆಕ್ಟಾಗಿದೆ ಅಜ್ಜಿ. ಊರೇ ತಪ್ಪಿದೆ."

ಪೂರ್ವಕ್ಕೆ ಇನ್ನೂರು ಹೆಜ್ಜೆ ಹಾಕಿದ. ದಕ್ಷಿಣಕ್ಕೆ ನೂರು. ರೋಡು ಜಿಲೇಬಿ ಸುತ್ಕೊಂಡು ವಾಪಸ್ ಅದೇ ಅಜ್ಜಿ ಮುಂದೆ ತಂದು ಬಿಸಾಕ್ತು. ಐದೂ ಹನ್ನೆರಡು.

ಸಿಟ್ಟಲ್ಲಿ ಮನೆಯವರ ಗ್ರೂಪಿಗೆ ಪ್ರವಾಸದ ಅನುಭವ ಬರೆದ: "ಚೊಂಗ್‌ಚಿಂಗ್. ಕಟ್ಟಡ ದೊಡ್ಡವು. ಸೂರ್ಯ ಕಾಣಲ್ಲ. ರೋಡಿಗೆ ನಿಯತ್ತಿಲ್ಲ." ದೊಡ್ಡಪ್ಪ ಅಲ್ಲಿಂದಲೇ ಉಪದೇಶ ಕೊಟ್ಟ: "ಉತ್ತರಕ್ಕೆ ಮುಖ ಮಾಡಿ ನಿಂತ್ಕೋ, ಎಲ್ಲಾ ಸರಿಹೋಗುತ್ತೆ." ನಿಂತ. ಮಂಜು ಬಿಟ್ರೆ ಏನೂ ಕಾಣಲಿಲ್ಲ.

ಐದೂ ಹದಿನೇಳಕ್ಕೆ ಯಿಲಾನ್ ದನಿ ತಣ್ಣಗಾಗಿತ್ತು. "ಇನ್ನೊಬ್ಬ ಸುಳ್ಳ ಸಿಕ್ಕಿದ ಅಂದ್ಕೊಳ್ಳಲಾ?"

ಬಾವ್‌ಕುನ್ ತಕ್ಷಣ ಬೇರಿನ ಫೋಟೋ ಕಳಿಸಿದ. ಅವಳು ಚಿಗುರೆಲೆ ಫೋಟೋ ಕಳಿಸಿದ್ಲು. ಇವನು ಕಿರುಚಿದ, "ಅದು ಬೇರೆ ಮರ!"

ಅಜ್ಜಿ ಫೋನಿಗೆ ಇಣುಕಿದ್ಲು. "ಅದೇ ಮರ ಕಣೋ ದಡ್ಡಾ. ಗುಡ್ಡದ ಊರಲ್ಲಿ ರೋಡಿನ ಮೇಲೆ ರೋಡು. ಇದು ಈ ರೋಡಲ್ಲಿ ಬೇರು ಬಿಟ್ಟು ಆ ರೋಡಲ್ಲಿ ಚಿಗುರುತ್ತೆ. ನೀನು ಬುಡದಲ್ಲಿದ್ದೀಯ, ಹುಡುಗಿ ತುದೀಲಿದ್ದಾಳೆ. ತಲೆ ಎತ್ತೋ!"

ಇಷ್ಟು ಹೊತ್ತು ನಾಲ್ಕೂ ದಿಕ್ಕು ನೋಡಿದವನು ಮೊದಲ್ನೇ ಸಲ ಮೇಲೆ ನೋಡಿದ. ಏಳು ಮಹಡಿ ಎತ್ತರದಲ್ಲಿ ಎಲೆಗಳ ಮಧ್ಯೆ ಕಬ್ಬಿಣದ ಕಂಬಿ. ಅದರಾಚೆ ಬಸ್ಸಿನ ಹಾರ್ನು.

ಅಜ್ಜಿ ದಾರಿ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ಹೀರೋ ಪಕ್ಕದ ಕಟ್ಟಡದ ಲಿಫ್ಟಲ್ಲಿದ್ದ. ಏಳು ಒತ್ತಿದ. ಬಾಗಿಲು ತೆಗೆದ್ರೆ ನಾಲ್ಕು ಜನ ಹೆಂಗಸರು ಮಾಜಾಂಗ್ ಆಡ್ತಾ ಕೂತಿದ್ದಾರೆ. "ರೋಡು..." ಅಂದ. "ಆಟಕ್ಕೆ ಕೂರೋದಾದ್ರೆ ಬಾ, ಇಲ್ದಿದ್ರೆ ಬಾಗಿಲು ಹಾಕು" ಅಂದ್ಲು ಒಬ್ಬಳು. ಹನ್ನೊಂದು ಒತ್ತಿದ. ಸಿಕ್ತು ರೋಡು! ಆದ್ರೆ ಮರದ ತಲೆ ಈಗ ಅವನ ಕಾಲ ಕೆಳಗಿತ್ತು.

ಐದೂ ಇಪ್ಪತ್ನಾಲ್ಕು. ಮೆಸೇಜ್ ಬಂತು: "ಹೊರಟೆ."

ಬಾವ್‌ಕುನ್ ಮೆಟ್ಟಿಲ ಮೇಲೆ ಕುಸಿದು ಕೂತ. ವಂಶದ ಮರ್ಯಾದೆ ಬದಿಗಿಟ್ಟ. "ಯಿಲಾನ್, ಎಲ್ಲಿದ್ದೀನಿ ಅಂತ ನಂಗೇ ಗೊತ್ತಿಲ್ಲ. ಉತ್ತರ ಯಾವ್ದು ಅಂತಾನೂ ಗೊತ್ತಾಗ್ತಿಲ್ಲ. ಎದುರಿಗೆ ಹಳದಿ ಬಾಗಿಲಿನ ಕಟಿಂಗ್ ಶಾಪಿದೆ. ದಾರಿ ಹೇಳೇ ತಾಯಿ, ಕಾಲಿಗೆ ಬೀಳ್ತೀನಿ."

ತಕ್ಷಣ ವಾಯ್ಸ್ ಮೆಸೇಜ್ ಬಂತು.

"ಕೊನೆಗೂ ಒಂದು ನಿಜ ಹೇಳ್ದೆ. ಅಲ್ಲೇ ಇರು. ಒಂದು ಹೆಜ್ಜೆ ಅಲ್ಲಾಡಿದ್ರೂ ಬ್ಲಾಕ್."

ನೀಲಿ ಯೂನಿಫಾರ್ಮ್ ಹಾಕಿದ್ದ ಹುಡುಗಿ ಎರಡೆರಡು ಮೆಟ್ಟಿಲು ಹಾರ್ಕೊಂಡು ಹತ್ತಿ ಬಂದ್ಲು. ಒಂದು ಏದುಸಿರೂ ಇಲ್ಲ. ಹನ್ನೊಂದು ಗಂಟೆ ಹೊತ್ತು ರೈಲಲ್ಲಿ ಬಾಯಿಪಾಠ ಮಾಡ್ಕೊಂಡು ಬಂದಿದ್ದ ಡೈಲಾಗಿಗೆ ಬಾವ್‌ಕುನ್ ಬಾಯಿ ತೆಗೆದ. ಕೆಮ್ಮು ಬಂತು.

"ಫೋಟೋಗಿಂತ ಕುಳ್ಳ ಇದ್ದೀಯ."

"ಕೂತಿದ್ದೀನಿ ಕಣೇ."

"ಹಾಗಾದ್ರೆ ಏಳು. ನಾಲ್ಕು ನಿಮಿಷ ಇದೆ. ಓಡು!"

ಓಡಿದ್ರು. ಯಾರದೋ ಅಡುಗೆಮನೆ ಕಿಟಕಿ ಪಕ್ಕ, ಯಾರದೋ ತಾರಸಿ ಮೇಲೆ, ಒಣಹಾಕಿದ್ದ ಬಟ್ಟೆ ಸಂದೀಲಿ. ಐದೂ ಇಪ್ಪತ್ತೊಂಬತ್ತಕ್ಕೆ ಯಿಲಾನ್ ಕೇಬಲ್ ಕಾರಿನ ಗೇಟಿನ ಹಿಂದೆ ಟೋಪಿ ಸರಿಮಾಡ್ಕೊಂಡು ನಿಂತ್ಲು.

"ಎಂಟೂವರೆಗೆ ಬಿಡ್ತಾರೆ. ಅಲ್ಲೀ ತನಕ ನಿನ್ನ ಹದಿನಾಲ್ಕು ಜಾಗ ನೋಡ್ಕೊಂಡು ಬಾ."

ಬಾವ್‌ಕುನ್ ಹೊರಗೆ ನೋಡಿದ. ಮೇಲಕ್ಕೆ ಹೋಗೋ ಮೆಟ್ಟಿಲು, ಕೆಳಕ್ಕೆ ಹೋಗೋ ಮೆಟ್ಟಿಲು, ಒಂದು ಮನೆ ಮಾಳಿಗೆ ಮೇಲೆ ಸಿಗ್ನಲ್ಲಿಗೆ ನಿಂತ ಬಸ್ಸು.

"ಬೇಡ. ಇಲ್ಲೇ ಇರ್ತೀನಿ."

"ಮೂರು ಗಂಟೆನಾ?"

"ಈ ಊರಲ್ಲಿ ಒಂದ್ಸಲ ಬಿಟ್ರೆ ಮತ್ತೆ ಸಿಗ್ತೀಯ ಅಂತ ಏನು ಗ್ಯಾರಂಟಿ?"

ಅವಳಿಗೆ ನಗು ತಡೆಯಕ್ಕಾಗಲಿಲ್ಲ. ಪ್ಲಾಸ್ಟಿಕ್ ಸ್ಟೂಲೊಂದನ್ನ ಕಾಲಲ್ಲೇ ತಳ್ಳಿದ್ಲು. ಬಾವ್‌ಕುನ್ ಗೇಟಿಗೆ ಒತ್ಕೊಂಡು ಕೂತ. ಟಿಕೆಟ್ ಚಾಚಿದ ಯಜಮಾನರೊಬ್ಬರು ಇವನನ್ನ ಮೇಲಿಂದ ಕೆಳಗೆ ನೋಡಿ ಕೇಳಿದ್ರು, "ಯಾರಮ್ಮಾ ಇವನು?"

"ಪ್ರವಾಸಿ ಸಾರ್," ಅಂದ್ಲು ಯಿಲಾನ್. "ಊರು ನೋಡೋಕೆ ಬಂದಿದ್ದಾನೆ."