ಮದ್ರಾಸೋ, ಊಟಿಯೋ

"ಮದ್ರಾಸೋ ಊಟಿಯೋ, ಅಕ್ಕನ್ನ ಒಂದ್ ಮಾತು ಕೇಳ್ಕೊಂಡ್ ಬನ್ನಿ ಸಾರ್. ಸೋಮವಾರ ಬುಕ್ ಮಾಡ್ಬಿಡ್ತೀನಿ," ಎಂದು ಸೂಪರ್‌ವೈಸರ್ ಪಂಚಾಕ್ಷರಿ ಊಟದ ಡಬ್ಬಿ ಬಿಚ್ಚುತ್ತಾ ಹೇಳಿದಾಗ, ಮುನಿಕೃಷ್ಣನ ತುತ್ತು ಕೈಯಲ್ಲೇ ಉಳಿಯಿತು.

ಪೀಣ್ಯದ ಆ ಗೇರ್ ಕಾರ್ಖಾನೆಯಲ್ಲಿ ಯಾರು ನಿವೃತ್ತರಾದರೂ ಗಂಡ ಹೆಂಡತಿಯನ್ನು ಜೋಡಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವನಿಗೆ ಮೈಸೂರು ಪೇಟ, ಶಾಲು. ಅವಳಿಗೆ ಸೀರೆ, ಅರಿಶಿನ ಕುಂಕುಮ. ಆಮೇಲೆ ಇಬ್ಬರೂ ಎಲ್ಲಾದರೂ ಸುತ್ತಾಡಿಕೊಂಡು ಬನ್ನಿ ಎಂದು ಕಳಿಸುತ್ತಾರೆ. ಸಮುದ್ರ ಬೇಕಾದವರಿಗೆ ಮದ್ರಾಸು, ಬೆಟ್ಟ ಬೇಕಾದವರಿಗೆ ಊಟಿ. ಊರಿನ ಹೆಸರು ಚೆನ್ನೈ ಆಗಿ ಎಷ್ಟು ಕಾಲವಾದರೂ ಕಾರ್ಖಾನೆಯಲ್ಲಿ ಅದು ಮದ್ರಾಸೇ. ಹಳೆಯ ಮಾಲೀಕರ ಕಾಲದಿಂದ ಬಂದ ಇನ್ನೊಂದು ಪದ್ಧತಿಯೆಂದರೆ ಆಯ್ಕೆ ಹೆಂಡತಿಯದು. ಗಂಡ ಆಯುಸ್ಸನ್ನೆಲ್ಲ ಮಷೀನಿಗೆ ಕೊಟ್ಟಿದ್ದಾನೆ, ಇದೊಂದನ್ನಾದರೂ ಆಯಮ್ಮ ಹೇಳಲಿ ಅಂತ.

"ಕೇಳ್ತೀನಿ," ಎಂದ ಮುನಿಕೃಷ್ಣ.

"ಅಕ್ಕನ ಹುಚ್ಚೆಳ್ಳು ಪುಡಿ ಇನ್ನೊಂಚೂರು ಹಾಕಿ ಸಾರ್," ಎಂದು ಪ್ಯಾಕಿಂಗಿನ ಮಹಾಲಕ್ಷ್ಮಿ ತನ್ನ ಮುಚ್ಚಳ ಮುಂದೆ ಚಾಚಿದಳು. "ಇನ್ಮೇಲೆ ನಮಗೆಲ್ಲಿ ಸಿಗತ್ತೆ ಇದು? ಫಂಕ್ಷನ್ ದಿನ ಅಕ್ಕನ್ನೇ ಹಿಡ್ಕೊಂಡು ಹೇಳಿಸ್ಕೊಂಡ್ಬಿಡ್ತೀನಿ."

ಆ ಪುಡಿ ಹುರಿದು ಕುಟ್ಟಿದ್ದು ಅಕ್ಕನಲ್ಲ, ಮುನಿಕೃಷ್ಣನೇ. ಅಕ್ಕ, ಅಂದರೆ ಶ್ಯಾಮಲಾ, ಮಾಕಳಿಯ ಆ ಬಾಡಿಗೆ ಮನೆ ಬಿಟ್ಟುಹೋಗಿ ವರ್ಷಗಳೇ ಆಗಿದ್ದವು. ಅವಳು ಹೋದ ಹೊಸದರಲ್ಲಿ ಅವನು ಹೇಗೋ ಬೇಯಿಸಿ ತಂದ ಅನ್ನಕ್ಕೆ ಯಾರೋ "ಅಕ್ಕನ ಕೈ ಯಾಕೋ ಇವತ್ತು ಉಪ್ಪು ಮರೆತಿದೆ" ಅಂದಿದ್ದರು. "ಹೂಂ, ಅವಳಿಗೆ ಮೈ ಸರಿಯಿಲ್ಲ" ಅಂದುಬಿಟ್ಟಿದ್ದ. ಅಷ್ಟೇ. ಮಾರನೆಯ ದಿನ ಅವಳ ಮೈ ಹೇಗಿದೆ ಎಂದು ಎಲ್ಲರೂ ಕೇಳಿದರು, ಪರವಾಗಿಲ್ಲ ಎನ್ನಬೇಕಾಯಿತು. ಒಂದು ಸುಳ್ಳು ಮುಚ್ಚಲು ಇನ್ನೊಂದು ಎನ್ನುತ್ತಾರಲ್ಲ, ಇವನು ಅದಕ್ಕೆ ಅಡುಗೆಯನ್ನೇ ಕಲಿಯಬೇಕಾಯಿತು. ಸಾರು ಕುದಿಯಿತು, ಪಲ್ಯ ಹದಕ್ಕೆ ಬಂತು, ಹೊಗಳಿಕೆಯೆಲ್ಲ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಸೇರಿದ್ದ ಶ್ಯಾಮಲಾಗೆ ಹೋಯಿತು. ಅವಳಿಗದು ಗೊತ್ತಿರಲಿಲ್ಲ. ಊಟದ ಆ ಅರ್ಧ ಗಂಟೆ ಮುನಿಕೃಷ್ಣನಿಗೂ ಹೆಂಡತಿ ಇದ್ದಳು. ಹಾಗಾಗಿ ಸುಳ್ಳು ಬಿಡಲು ಅವನಿಗೆ ಮನಸ್ಸೂ ಬರಲಿಲ್ಲ.

ಈಗ ಕುರ್ಚಿ ಎರಡು ಹಾಕುತ್ತಾರೆ. ಒಂದು ಖಾಲಿ ಉಳಿದರೆ ಇಷ್ಟು ವರ್ಷ ಜೊತೆಯಲ್ಲಿ ಉಂಡವರ ಮುಖವನ್ನು ಕೊನೆಯ ದಿನ ಹೇಗೆ ನೋಡುವುದು?

ಭಾನುವಾರ ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾದಾವರದಲ್ಲಿ ಮೆಟ್ರೋ ಹತ್ತಿದ. ಆರ್.ವಿ. ರೋಡಿನಲ್ಲಿ ಇಳಿದು ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ಅಲ್ಲಿ ಕಾಯುವಾಗ ಹೇಳಬೇಕಾದ್ದನ್ನು ಬಾಯಲ್ಲೇ ಜೋಡಿಸಿಕೊಂಡ. ಒಂದು ಗಂಟೆ ಬಂದು ಕೂತು ಹೋಗು, ಸೀರೆ ನೀನೇ ಇಟ್ಕೋ, ಟೂರಿಗೆ ಬರೋದು ಬೇಡ. ಹೇಳಿನೋಡಿದರೆ ವ್ಯಾಪಾರದ ಮಾತಿನಂತಿತ್ತು. ಅದನ್ನು ಬಿಟ್ಟು ಬೇರೆ ಹೇಗೆ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ.

ಬೊಮ್ಮನಹಳ್ಳಿಯ ಗಲ್ಲಿಯಲ್ಲಿ ಅವಳ ರೂಮು ಮೂರನೇ ಮಹಡಿಯಲ್ಲಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆಲ್ಲ ವಾರಕ್ಕೊಂದೇ ರಜೆ, ಮೆಟ್ಟಿಲಿನ ಕಂಬಿಯ ಮೇಲೆಲ್ಲ ಒಗೆದ ಬಟ್ಟೆ. ಶ್ಯಾಮಲಾ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ನೋಡಿದಳು, ಗಾಬರಿಯಾಗಲಿಲ್ಲ.

"ಏನು ಇಷ್ಟ್ ದೂರ?"

"ಎಂಗಿದೀಯ?"

"ನೋಡ್ತಿದೀರಲ್ಲ." ಕಾಯಿಯ ಮೊರ ಸರಿಸಿ ಚಾಪೆಯ ಅರ್ಧ ಬಿಟ್ಟುಕೊಟ್ಟಳು. ಒಳಗೆ ಕರೆಯಲಿಲ್ಲ. ಅವನು ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಚಾಪೆಯ ತುದಿಯಲ್ಲಿ ಕೂತ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇವರ ಸಂಸಾರದಲ್ಲೂ ಜಗಳವಿರಲಿಲ್ಲ, ಆದರೆ ಅದು ಮಾತೇ ಇಲ್ಲದ್ದರಿಂದ. ಅವನು ಕುಡಿದವನಲ್ಲ, ಹೊಡೆದವನಲ್ಲ. ಕಾರ್ಖಾನೆಯಿಂದ ಬಂದು, ಉಂಡು, ಗೋಡೆಗೆ ಮುಖ ಮಾಡಿ ಮಲಗಿದವನು. ಮಕ್ಕಳಾಗಲಿಲ್ಲ, ಆ ಬಗ್ಗೆಯೂ ಮಾತಾಡಲಿಲ್ಲ. ಒಂದು ದಿನ ಅವಳು "ಅಕ್ಕನ ಮನೇಲಿ ಇದ್ದು ಬರ್ತೀನಿ" ಎಂದು ಹೊರಟಾಗ ಯಾವಾಗ ಬರ್ತೀಯ ಎಂದೂ ಅವನು ಕೇಳಲಿಲ್ಲ. ಅವಳೂ ಬರಲಿಲ್ಲ.

"ಒಂದ್ ವಿಷ್ಯ ಕೇಳನಾ ಅಂತ ಬಂದೆ," ಎಂದ. ಜೋಡಿಸಿಕೊಂಡ ಮಾತೆಲ್ಲ ಎಲ್ಲೋ ಉದುರಿಹೋಗಿತ್ತು. "ನಿಂಗೆ ಮದ್ರಾಸ್ ಇಷ್ಟಾನಾ, ಊಟಿ ಇಷ್ಟಾನಾ?"

ಅವಳ ಕೈ ನಿಂತಿತು. ಮುಖದಲ್ಲಿ ಏನೋ ಸಡಿಲವಾದದ್ದು ಅವನಿಗೂ ಕಂಡಿತು. "ನನ್ನ ಕೇಳ್ತಿದೀರಾ?" ಎಂದಳು. "ಮದುವೆ ಆದಾಗ್ಲಿಂದ ಇವತ್ತಿನ್ ತಂಕ ನೀವು ನನ್ನ ಏನಾದ್ರೂ ಕೇಳಿದ್ ಉಂಟಾ? ಸಾರು ಯಾವ್ದು ಮಾಡ್ಲಿ ಅಂದ್ರೂ ಏನೋ ಒಂದು ಮಾಡು. ಇವತ್ತೇನು ಹೊಸದಾಗಿ?"

"ರಿಟೈರ್ ಆಯ್ತಾ ಇದೀನಿ. ಕಂಪ್ನಿಯೋರು ಇಬ್ರಿಗೂ ಟೂರ್ ಕೊಡ್ತಾರೆ. ಮನೆಯವ್ರನ್ನ ಕೇಳ್ಕೊಂಡ್ ಬಾ ಅಂದ್ರು."

"ಓ. ಅವರು ಕೇಳು ಅಂದಿದ್ದಕ್ಕೆ ಕೇಳ್ತಿದೀರಾ?"

ಅಲ್ಲ ಎನ್ನಬಹುದಿತ್ತು. "ಹೂಂ," ಎಂದ ಮುನಿಕೃಷ್ಣ.

ಶ್ಯಾಮಲಾ ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಸಂಕಟವಾಯಿತು. "ನಾನು ಮದ್ರಾಸ್ ನೋಡ್ಕೊಂಡ್ ಬಂದೆ. ಗಾರ್ಮೆಂಟ್ಸ್‌ನಲ್ಲಿ ನಮ್ ಲೈನ್ ಹೆಂಗಸ್ರೆಲ್ಲ ಸೇರಿ ಹೋಗಿದ್ವಿ. ಮಂಡಿವರೆಗೂ ನೀರಲ್ಲಿ ನಿಂತ್ಕೊಂಡು ಸಾಯಂಕಾಲ ಆಗೋವರೆಗೂ ನಕ್ಕಿದ್ದೇ ನಕ್ಕಿದ್ದು. ಮಲಕವ್ವ ಅಂತ ಒಬ್ಳವ್ಳೆ, ಗದಗಿನೋಳು, ಅಲೆ ಬಂದಾಗೆಲ್ಲ ನನ್ನ ಸೊಂಟ ಹಿಡ್ಕೊಂಬಿಡೋಳು."

ಹೆಂಡತಿ ಸಮುದ್ರದಲ್ಲಿ ನಗುತ್ತಿರುವುದನ್ನು ಮುನಿಕೃಷ್ಣ ಕಲ್ಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಅವಳು ಜೋರಾಗಿ ನಕ್ಕಿದ್ದನ್ನು ಅವನು ಕೇಳಿಯೇ ಇರಲಿಲ್ಲ.

"ನೀವು ಮದ್ರಾಸ್‌ಗೇ ಹೋಗಿ. ಊಟಿ ಚಳಿ ನಿಮ್ಮ ಎದೆಗೆ ಆಗಲ್ಲ," ಎಂದಳು.

"ನೀನು ಬರ್ತೀಯಾ? ಟೂರಿಗಲ್ಲ. ಫಂಕ್ಷನ್ಗೆ. ಸುಮ್ನೆ ಒಂದ್ ಗಂಟೆ ಕೂತ್ಕೊಂಡ್..."

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಪಂಚಾಕ್ಷರಿ. ಕಿವಿ ಮಂದವಾದ ಮೇಲೆ ಮುನಿಕೃಷ್ಣ ಸ್ಪೀಕರಿನಲ್ಲೇ ಮಾತಾಡುವುದು. ರೂಢಿಯಂತೆ ಒತ್ತಿಬಿಟ್ಟ.

"ಸಾರ್, ಅಕ್ಕ ಏನಂದ್ರು?"

"ಮದ್ರಾಸ್ ಅಂದ್ಲು."

"ಪಕ್ಕದಲ್ಲೇ ಇದಾರಾ? ಕೊಡಿ ಸಾರ್ ಫೋನು, ಇಷ್ಟ್ ವರ್ಷ ಆಯ್ತು, ಒಂದ್ ದಿನಾನೂ ಮಾತಾಡಿಲ್ಲ. ಅಕ್ಕಾ, ನಮಸ್ಕಾರ! ನಿಮ್ ಕೈ ಊಟ ತಿಂದೂ ತಿಂದೂ ನಮ್ಮನೆಯೋಳ ಹತ್ರ ದಿನಾ ಬೈಸ್ಕೊಳೋನು ನಾನೇ. ಆ ಹುಚ್ಚೆಳ್ಳು ಪುಡಿ ಇದ್ಯಲ್ಲ, ಸಕ್ಕತ್ ಅಕ್ಕಾ! ಎಲ್ರೂ ನಿಮ್ಮನ್ನ ನೋಡ್ಬೇಕು ಅಂತ ಕಾಯ್ತಾವ್ರೆ."

ಶ್ಯಾಮಲಾ ಗಂಡನನ್ನೇ ನೋಡಿದಳು. ಅವನು ತಲೆ ತಗ್ಗಿಸಿದ್ದ. ಇನ್ನೊಂದೇ ಒಂದು ಸುಳ್ಳು, ಅವಳ ಬಾಯಿಂದ ಬಂದರೆ ಸಾಕು, ಎಲ್ಲ ದಡ ಸೇರುತ್ತಿತ್ತು. ಅವಳು ಕೈ ಚಾಚಿ ಫೋನು ತೆಗೆದುಕೊಂಡಳು.

"ನಮಸ್ಕಾರ ಕಣಪ್ಪ. ಆ ಅಡುಗೆ ನಾನ್ ಮಾಡಿದ್ದಲ್ಲ. ನಾನು ಇವರ ಜೊತೆ ಇಲ್ಲ, ಬೇರೆ ಇದೀನಿ. ಶ್ಯಾನೆ ದಿನ ಆಯ್ತು. ಎಲ್ಲಾ ಅವರೇ ಮಾಡ್ಕೊಂಡಿರೋದು."

"ಅಕ್ಕಾ..." ಎಂದ ಪಂಚಾಕ್ಷರಿ.

"ಆಡ್ಕೋಬೇಡಿ ಅವರನ್ನ," ಎಂದಳು. "ಚೆನ್ನಾಗಿ ಕಳಿಸ್ಕೊಡಿ."

ಕರೆ ಮುಗಿಸಿ ಫೋನನ್ನು ಅವನ ಮುಂದೆ ಚಾಪೆಯ ಮೇಲಿಟ್ಟಳು. ಮುನಿಕೃಷ್ಣ ಅದನ್ನು ಮುಟ್ಟಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಗುತ್ತಿತ್ತು. ಜೊತೆಗೆ, ನಾಳೆ ಊಟದ ಹೊತ್ತಿಗೆ ತಾನು ನಿಜವಾಗಿ ಒಬ್ಬನೇ ಎನ್ನುವುದು ಈಗಷ್ಟೇ ತಿಳಿಯಿತು.

"ತಪ್ಪು ತಿಳ್ಕೋಬೇಡಿ," ಎಂದಳು ಶ್ಯಾಮಲಾ. "ಬಂದು ಕೂತ್ಕೋಬಹುದಿತ್ತು. ಆಮೇಲೆ ಇಬ್ರೂ ಎದ್ದು ಒಬ್ಬೊಬ್ರು ಒಂದೊಂದ್ ಕಡೆ ಬಸ್ ಹತ್ಬೇಕಲ್ಲ. ಅದು ನನ್ ಕೈಲಾಗಲ್ಲ."

ಕೆಳಗೆ ಯಾರೋ ನೀರಿನ ಮೋಟರ್ ಹಾಕಿದರು. ಅವಳು ಮತ್ತೆ ಕಾಯಿ ಸುಲಿಯತೊಡಗಿದಳು. ಮೊರದಿಂದ ಕಣ್ಣೆತ್ತದೆ ಕೇಳಿದಳು: "ನಿಮಗೆ? ನಿಮಗ್ಯಾವ್ದು ಇಷ್ಟ?"

"ಯಾವ್ದು?"

"ಸಮುದ್ರಾನೋ ಬೆಟ್ಟಾನೋ. ಯಾರೂ ಕೇಳು ಅಂದಿಲ್ಲ. ನಾನೇ ಕೇಳ್ತಿದೀನಿ."

ಮುನಿಕೃಷ್ಣ ಬಾಯಿ ತೆರೆದ. ಉತ್ತರ ಇದ್ದೇ ಇರುತ್ತದೆ ಎಂದುಕೊಂಡಿದ್ದ. ಎಲ್ಲರಿಗೂ ಇರುತ್ತದಲ್ಲ. ಅವನು ಸಮುದ್ರ ನೋಡಿದವನಲ್ಲ, ಬೆಟ್ಟವೆಂದರೆ ಶಿವಗಂಗೆ ಹತ್ತಿದ್ದು, ಅದೂ ಹರಕೆಗೆ. ಯಾವುದನ್ನು ನೆನೆದರೆ ಮನಸ್ಸು ಅರಳುತ್ತದೆ ಎಂದು ಹುಡುಕುತ್ತಾ ಹೋದ. ತನ್ನೊಳಗೆ ಎಷ್ಟು ದೂರ ಹೋದರೂ ಉತ್ತರ ಹೇಳುವವರು ಯಾರೂ ಸಿಗಲಿಲ್ಲ.

"ಗೊತ್ತಿಲ್ಲ," ಎಂದ.

ಅವಳು ಅವಸರ ಮಾಡಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿ ತಂದಳು, ಲೋಟವನ್ನು ಅವನ ಪಕ್ಕದಲ್ಲಿಟ್ಟಳು, ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಕಾಫಿ ಕುಡಿದು ಅವನು ಎದ್ದು ಚಪ್ಪಲಿ ಮೆಟ್ಟಿ, ಲೋಟ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಮೇಲಿನ ಮಹಡಿಯ ಹೆಂಗಸರು ಬಕೆಟ್ ಹಿಡಿದು ಇಳಿದು ಬಂದರು. ದಾರಿ ಬಿಡಲು ಅವನು ಗೋಡೆಗೆ ಒತ್ತಿಕೊಂಡ. ಅವರು ಹಾದುಹೋದ ಮೇಲೂ, ಸಮುದ್ರವೋ ಬೆಟ್ಟವೋ ಎಂದು ಇನ್ನೂ ಹುಡುಕುತ್ತಾ ಹಾಗೆಯೇ ನಿಂತಿದ್ದ.